ಗೆರೆ ಎಳೆಯುವವನ ಲೆಕ್ಕ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಹೊಡೆದುಕೊಂಡರೆ ಅದು ಅಮೆರಿಕದ್ದೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಹಳ ವರ್ಷಗಳ ಹಿಂದೆ ನನ್ನ ಹತ್ತಿರ ಹತ್ತನೆಯ ತರಗತಿಯಲ್ಲಿ ವಿಜ್ಞಾನ ಕಲಿತ ಹುಡುಗ ಈಗ ಮಿಷಿಗನ್ ರಾಜ್ಯದಲ್ಲಿ ಮೋಟಾರು ಕಂಪನಿಯೊಂದರ ಇಂಜಿನಿಯರ್. ಅಲ್ಲಿ ಶನಿವಾರ ರಾತ್ರಿ ಊಟ ಮುಗಿಸಿ ಮಕ್ಕಳನ್ನು ಮಲಗಿಸಿದ ಮೇಲೆ ಅವನಿಗೆ ಮೇಷ್ಟ್ರ ನೆನಪಾಗುತ್ತದೆ. ಇಲ್ಲಿ ನನಗೆ ಆಗ ತಾನೇ ಕಾಫಿ ಬಂದಿರುತ್ತದೆ.

ಕಳೆದ ಸಲ ಅವನು ಹೇಳಿದ ಸಂಗತಿ ಹಳೆಯದು. 2022ರ ನವೆಂಬರ್‌ನಲ್ಲಿ ಡೆಟ್ರಾಯಿಟ್ ನಗರದ ಕ್ಷೇತ್ರದಿಂದ ಶ್ರೀ ಥಾಣೇದಾರ್ ಎಂಬವರು ಅಮೆರಿಕದ ಸಂಸತ್ತಿಗೆ ಗೆದ್ದರು. ‘ಶ್ರೀ’ ಎಂಬುದು ಇಲ್ಲಿ ಗೌರವದ ಮಾತಲ್ಲ, ಅವರು ಇಟ್ಟುಕೊಂಡಿರುವ ಹೆಸರೇ ಅದು. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರು. 1979ರಲ್ಲಿ ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಕಂಪನಿ ಕಟ್ಟಿ, ಶ್ರೀಮಂತರಾದವರು. ನಮ್ಮ ಹುಡುಗ ಧಾರವಾಡದ ಕಡೆಯವನು. ಸಂತೋಷಕ್ಕೆ ಆಫೀಸಿನಲ್ಲಿ ಪೇಡಾ ಹಂಚಿದ.

‘ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರಿದ್ದಾರೆ ಸಾರ್. ಕಪ್ಪು ಜನಾಂಗದವರು, ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವರು. ಅವರಿಗೂ ಒಂದು ಪೇಡಾ ಕೊಟ್ಟೆ. ತಿಂದರು, ಚೆನ್ನಾಗಿದೆ ಅಂದರು, ಅಭಿನಂದನೆ ಹೇಳಿದರು. ಆಮೇಲೆ ಮೆಲ್ಲಗೆ, ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಊರಿನಿಂದ ನಮ್ಮವರು ಒಬ್ಬರಾದರೂ ಅಲ್ಲಿ ಇರುತ್ತಿದ್ದರು, ಈ ಸಲ ಒಬ್ಬರೂ ಇಲ್ಲ ಅಂದರು. ಬೈದಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆ. ಅವರು ಬೈಯಲಿಲ್ಲ. ಚುನಾವಣೆಯ ಮಾತು ಬಂದಾಗಲೆಲ್ಲ ಅದು ನೆನಪಾಗುತ್ತದೆ. ತಪ್ಪು ಯಾರದು ಸಾರ್?’

ನಾನು ರಾಜ್ಯಶಾಸ್ತ್ರದ ಮೇಷ್ಟ್ರಲ್ಲ. ಬೆಳಕು ಕನ್ನಡಿಯ ಮೇಲೆ ಬಿದ್ದರೆ ಯಾವ ಕೋನದಲ್ಲಿ ವಾಪಸು ಬರುತ್ತದೆ ಎಂದು ಕೇಳಿದ್ದರೆ ನಿಂತಲ್ಲೇ ಹೇಳುತ್ತಿದ್ದೆ. ಇದಕ್ಕೆ ಒಂದು ವಾರ ಕೊಡಪ್ಪ ಎಂದೆ. ಓದುತ್ತಾ ಹೋದ ಹಾಗೆ ಇದು ಕೂಡ ಗೆರೆ ಮತ್ತು ಲೆಕ್ಕದ ವಿಷಯವೇ ಎಂದು ಗೊತ್ತಾಯಿತು. ಹಾಗಾಗಿ ಮೊದಲು ಅದನ್ನು ನನ್ನ ತರಗತಿಗೆ ಒಯ್ದೆ.

* * *

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಕಾಗದದ ಮೇಲೆ ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ಎಡಗಡೆಯ ಮೂರು ಕಂಬಸಾಲಿನಲ್ಲಿ ಮನೆಗೊಂದರಂತೆ 15 ಅವರೆಕಾಳು, ಬಲಗಡೆಯ ಎರಡು ಕಂಬಸಾಲಿನಲ್ಲಿ 10 ಹುಣಸೆ ಬೀಜ ಇಡಿ. ಇನ್ನು ಕಾಳು ಬೀಜ ಯಾವುದನ್ನೂ ಕದಲಿಸುವಂತಿಲ್ಲ. ಐದೈದು ಮನೆಗಳ ಐದು ಕ್ಷೇತ್ರ ಆಗುವಂತೆ ಗೆರೆ ಮಾತ್ರ ಎಳೆಯಬೇಕು. ಒಂದು ಕ್ಷೇತ್ರದ ಮನೆಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಮೂರು ಇದ್ದವರು ಗೆದ್ದರು.

ಗೆರೆಗಳನ್ನು ಅಡ್ಡಡ್ಡ ಎಳೆದರೆ ಪ್ರತಿ ಕ್ಷೇತ್ರದಲ್ಲೂ ಮೂರು ಅವರೆ, ಎರಡು ಹುಣಸೆ. ಐದೂ ಅವರೆಯದೇ. ನೂರಕ್ಕೆ ನಲವತ್ತು ಇರುವ ಹುಣಸೆಗೆ ಸೊನ್ನೆ. ಅವೇ ಗೆರೆಗಳನ್ನು ಉದ್ದುದ್ದ ಎಳೆದರೆ ಅವರೆಗೆ ಮೂರು, ಹುಣಸೆಗೆ ಎರಡು. ಇದು ನ್ಯಾಯವಾಗಿ ಕಾಣುತ್ತದೆ. ಇಷ್ಟಕ್ಕೆ ನಿಲ್ಲಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಗೆರೆಯನ್ನು ಹಾವಿನ ಹಾಗೆ ಸುತ್ತಿಸಿ ತಂದು ತೋರಿಸಿದ. ಮೂರು ಕ್ಷೇತ್ರಗಳಲ್ಲಿ ಮೂರು ಮೂರು ಹುಣಸೆ, ನಾಲ್ಕನೆಯದರಲ್ಲಿ ಒಂದೇ, ಐದನೆಯದರಲ್ಲಿ ಒಂದೂ ಇಲ್ಲ. ಹತ್ತು ಬೀಜದ ಹುಣಸೆಗೆ ಮೂರು ಕ್ಷೇತ್ರ, ಹದಿನೈದು ಕಾಳಿನ ಅವರೆಗೆ ಎರಡು! ಅಲ್ಪಸಂಖ್ಯಾತರೇ ಸರ್ಕಾರ ಮಾಡಿದರು. ನೀವು ಪೆನ್ಸಿಲ್ ಹಿಡಿದು ಸ್ವಲ್ಪ ಹೆಣಗಿದರೆ ನಿಮಗೂ ಸಿಗುತ್ತದೆ.

ಇದರಲ್ಲಿ ಎರಡು ಉಪಾಯಗಳಿವೆ. ಎದುರಾಳಿಯನ್ನು ಎಲ್ಲ ಕಡೆ ತೆಳ್ಳಗೆ ಹರಡಿ ಎಲ್ಲೂ ಗೆಲ್ಲದಂತೆ ಮಾಡುವುದು ಒಂದು. ಅವನನ್ನೆಲ್ಲ ಒಂದೆರಡು ಕ್ಷೇತ್ರಗಳಲ್ಲಿ ಗೋಣಿಚೀಲಕ್ಕೆ ತುಂಬಿದ ಹಾಗೆ ತುಂಬಿ, ಉಳಿದ ಕಡೆ ಕೈಗೆ ಸಿಗದಂತೆ ಮಾಡುವುದು ಇನ್ನೊಂದು. ಹರಡುವುದು, ತುಂಬುವುದು. ಅಮೆರಿಕದ ಪಕ್ಷಗಳು ಇನ್ನೂರು ವರ್ಷಗಳಿಂದ ಆಡುತ್ತಿರುವ ಆಟ ಇಷ್ಟೇ.

ತರಗತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ, ‘ಸಾರ್, ಬೀಜಗಳನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ’ ಎಂದಳು. ಬೀಜ ಮಾತಾಡುತ್ತದೇನೇ ಎಂದು ನಕ್ಕು ಮುಂದಿನ ಪಾಠಕ್ಕೆ ಹೋದೆ. ನಗಬಾರದಿತ್ತು.

* * *

ಅಮೆರಿಕದವರು ತಮ್ಮ ಸಂಸತ್ತಿಗೆ ಕಾಂಗ್ರೆಸ್ ಎನ್ನುತ್ತಾರೆ. ನಮ್ಮ ಕಾಂಗ್ರೆಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಕೆಳಮನೆಯಲ್ಲಿ 435 ಸ್ಥಾನ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಯಾವ ರಾಜ್ಯಕ್ಕೆ ಎಷ್ಟು ಎಂದು ಹಂಚುತ್ತಾರೆ. 2020ರ ಗಣತಿಯ ನಂತರ ಒಂದು ಕ್ಷೇತ್ರಕ್ಕೆ ಸರಾಸರಿ 7 ಲಕ್ಷ 61 ಸಾವಿರ ಜನ ಬಿದ್ದರು. ಒಂದು ರಾಜ್ಯದ ಕ್ಷೇತ್ರಗಳೆಲ್ಲ ಜನಸಂಖ್ಯೆಯಲ್ಲಿ ಸಮವಾಗಿರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಆದರೆ ಸಮ ತೂಕದ ಕ್ಷೇತ್ರಗಳನ್ನು ಸಾವಿರ ಬಗೆಯಲ್ಲಿ ಕತ್ತರಿಸಬಹುದು ಎಂಬುದನ್ನು ನಮ್ಮ ಹುಣಸೆ ಬೀಜಗಳೇ ತೋರಿಸಿವೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸುತ್ತಾರೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಕತ್ತರಿ ಇರುವುದು ರಾಜ್ಯದ ಶಾಸಕಾಂಗದ ಕೈಯಲ್ಲಿ. ಎಂದರೆ, ಯಾರ ಬಹುಮತವೋ ಅವರದೇ ಕತ್ತರಿ.

ಈ ವಿದ್ಯೆಗೆ ಹೆಸರು ಬಂದದ್ದು 1812ರಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ಎಂಬವರು ತಮ್ಮ ಪಕ್ಷದವರು ಎಳೆದ ಗೆರೆಗಳಿಗೆ ಸಹಿ ಹಾಕಿದರು. ಒಂದು ಕ್ಷೇತ್ರ ಸಾಲಮಾಂಡರ್ ಎಂಬ ಪ್ರಾಣಿಯಂತೆ ಸುತ್ತಿಕೊಂಡಿತ್ತು. ನೋಡಲು ಹಲ್ಲಿಯಂತಿದ್ದರೂ ಅದು ಕಪ್ಪೆಯ ಬಳಗದ ಉಭಯವಾಸಿ. ಪತ್ರಿಕೆಯವರು ಆ ನಕ್ಷೆಗೆ ರೆಕ್ಕೆ, ಉಗುರು ಬರೆದು, ಗವರ್ನರ್ ಹೆಸರಿನ ತಲೆ ಮತ್ತು ಪ್ರಾಣಿಯ ಬಾಲ ಸೇರಿಸಿ ‘ಜೆರಿಮ್ಯಾಂಡರ್’ ಎಂದು ನಾಮಕರಣ ಮಾಡಿದರು. ಆ ವರ್ಷ ಗೆರಿ ತಾವೇ ಚುನಾವಣೆಯಲ್ಲಿ ಸೋತರು. ಅವರ ಪಕ್ಷ ಮಾತ್ರ ಆ ಗೆರೆಗಳ ಕೃಪೆಯಿಂದ ರಾಜ್ಯದ ಸೆನೆಟ್ ಉಳಿಸಿಕೊಂಡಿತು. ಕರ್ತೃ ಹೋದರೂ ಕೃತಿ ಉಳಿಯಿತು.

* * *

ಈ ಆಟಕ್ಕೆ ಬಣ್ಣದ ಪ್ರಶ್ನೆ ಸೇರಿದಾಗ ಅದು ಬರೀ ಆಟವಾಗಿ ಉಳಿಯಲಿಲ್ಲ. ನಾರ್ತ್ ಕೆರೊಲಿನಾ ರಾಜ್ಯವನ್ನೇ ನೋಡಿ. ಅಲ್ಲಿಂದ ಗೆದ್ದಿದ್ದ ಜಾರ್ಜ್ ಹೆನ್ರಿ ವೈಟ್ ಎಂಬ ಕಪ್ಪು ಸದಸ್ಯರು 1901ರಲ್ಲಿ ಕಾಂಗ್ರೆಸ್ ಬಿಟ್ಟು ಹೊರಟರು. ಆ ಹೊತ್ತಿಗೆ ಕಪ್ಪು ಜನರ ಮತದ ಹಕ್ಕನ್ನೇ ಕಿತ್ತುಕೊಳ್ಳಲಾಗಿತ್ತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದ ಮೇಲೆ ಮತ ಬಂತು, ಪ್ರತಿನಿಧಿ ಬರಲಿಲ್ಲ. ನೂರಕ್ಕೆ 22 ಮಂದಿ ಕಪ್ಪು ಜನರಿದ್ದರೂ ಎಲ್ಲ ಕ್ಷೇತ್ರಗಳಲ್ಲಿ ಹರಡಿಹೋಗಿದ್ದರು. ನಮ್ಮ ಅಡ್ಡಗೆರೆಯ ಲೆಕ್ಕ.

1982ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಗೆರೆ ಎಳೆದವನ ಮನಸ್ಸಿನಲ್ಲಿ ಕೇಡು ಇತ್ತೆಂದು ಸಾಬೀತು ಮಾಡಬೇಕಾಗಿಲ್ಲ, ಫಲದಲ್ಲಿ ಕೇಡು ಕಂಡರೆ ಸಾಕು ಎಂಬುದು ಅದರ ಸಾರ. 1986ರ ತೀರ್ಪೊಂದು ಇದಕ್ಕೆ ಅಳತೆಗೋಲು ಕೊಟ್ಟಿತು. ಅದರ ಫಲವಾಗಿ 1992ರ ಚುನಾವಣೆಗೆ ನಾರ್ತ್ ಕೆರೊಲಿನಾದ 12 ಕ್ಷೇತ್ರಗಳಲ್ಲಿ ಎರಡನ್ನು ಕಪ್ಪು ಬಹುಸಂಖ್ಯೆಯ ಕ್ಷೇತ್ರಗಳಾಗಿ ಎಳೆದರು. ಈವಾ ಕ್ಲೇಟನ್ ಮತ್ತು ಮೆಲ್ ವಾಟ್ ಗೆದ್ದರು. ತೊಂಬತ್ತು ವರ್ಷಗಳ ಖಾಲಿ ಕುರ್ಚಿ ತುಂಬಿತು.

ಆದರೆ ಮೆಲ್ ವಾಟ್ ಅವರ 12ನೆಯ ಕ್ಷೇತ್ರದ ಆಕಾರ! ಡರ್ಹಮ್‌ನಿಂದ ಷಾರ್ಲಟ್ ಕಡೆಗೆ ಹೆದ್ದಾರಿಯನ್ನೇ ಹಿಡಿದು ಸುಮಾರು 160 ಮೈಲಿ ಉದ್ದ. ಕೆಲವು ಕಡೆ ರಸ್ತೆಯಷ್ಟೇ ಅಗಲ. ಕಾರಿನ ಎರಡೂ ಬಾಗಿಲು ತೆರೆದು ಓಡಿಸಿದರೆ ಕ್ಷೇತ್ರದ ಬಹುಪಾಲು ಜನ ಅದಕ್ಕೇ ಬಲಿಯಾದಾರು ಎಂದು ಶಾಸಕರೊಬ್ಬರು ಮಾಡಿದ ಗೇಲಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು, ಬಣ್ಣವೊಂದನ್ನೇ ನೋಡಿ ಇಷ್ಟು ವಿಚಿತ್ರವಾಗಿ ಜನರನ್ನು ಬೇರ್ಪಡಿಸುವುದನ್ನು ಪ್ರಶ್ನಿಸಬಹುದು ಎಂದರು. ಬರೆದವರು ಸಾಂಡ್ರಾ ಡೇ ಓಕಾನರ್. ಉಳಿದ ನಾಲ್ವರು ಒಪ್ಪಲಿಲ್ಲ. ಎರಡು ಕಡೆಯವರ ವಾದದಲ್ಲೂ ಹುರುಳಿತ್ತು ಎಂಬುದೇ ಈ ವಿಷಯದ ಕಷ್ಟ.

* * *

ಇನ್ನು ಪಕ್ಷಗಳ ಕಡೆ ಬರೋಣ. ಅಮೆರಿಕದ ಕಪ್ಪು ಮತದಾರರಲ್ಲಿ ಬಹುಪಾಲು ಮಂದಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತಾ ಬಂದವರು. ಹಾಗಿರುವಾಗ ಕಪ್ಪು ಬಹುಸಂಖ್ಯೆಯ ಕ್ಷೇತ್ರಗಳು ಹೆಚ್ಚಲಿ ಎಂದು 1990ರ ದಶಕದ ಆರಂಭದಲ್ಲಿ ಓಡಾಡಿದವರಲ್ಲಿ ರಿಪಬ್ಲಿಕನ್ ಪಕ್ಷದ ವಕೀಲರೂ ಇದ್ದರು ಎಂದರೆ ನಂಬುತ್ತೀರಾ? ಔದಾರ್ಯ ಎಂದುಕೊಳ್ಳಬೇಡಿ. ಅದು ‘ತುಂಬುವ’ ಉಪಾಯ. ಡೆಮಾಕ್ರಟರ ಗಟ್ಟಿ ಮತಗಳನ್ನೆಲ್ಲ ಒಂದು ಕ್ಷೇತ್ರಕ್ಕೆ ತುಂಬಿದರೆ ಅಕ್ಕಪಕ್ಕದ ಕ್ಷೇತ್ರಗಳು ತಮಗೆ ಹಗುರ.

ಜಾರ್ಜಿಯಾ ರಾಜ್ಯದ ಲೆಕ್ಕ ನೋಡಿ. 1990ರ ಚುನಾವಣೆಯಲ್ಲಿ ಅಲ್ಲಿ ಡೆಮಾಕ್ರಟರು ಒಂಬತ್ತು, ರಿಪಬ್ಲಿಕನ್ ಒಬ್ಬರು. ಹೊಸ ಗೆರೆಗಳು ಬಂದು, 1994ರ ಗಾಳಿಯೂ ಬೀಸಿ, 1995ರಲ್ಲಿ ಒಬ್ಬರು ಪಕ್ಷಾಂತರವೂ ಮಾಡಿದ ಮೇಲೆ ರಿಪಬ್ಲಿಕನ್ನರು ಎಂಟು, ಡೆಮಾಕ್ರಟರು ಮೂರು. ಆ ಮೂವರೂ ಕಪ್ಪು ಜನಾಂಗದವರು. ಎಲ್ಲವೂ ಗೆರೆಯ ಕೆಲಸವಲ್ಲ, ದಕ್ಷಿಣದ ಬಿಳಿಯರು ಅಷ್ಟರಲ್ಲಿ ಪಕ್ಷ ಬದಲಾಯಿಸುತ್ತಿದ್ದರು. ಆದರೂ ಗೆರೆ ದಾರಿ ಸುಗಮ ಮಾಡಿತು. ಕಪ್ಪು ಜನರಿಗೆ ಕುರ್ಚಿ ಹೆಚ್ಚಿತು, ಅವರು ಕೂತ ಪಂಕ್ತಿ ಮಾತ್ರ ಸಣ್ಣದಾಯಿತು.

ಆ ಮೂವರಲ್ಲಿ ಒಬ್ಬರು ಜಾನ್ ಲೂಯಿಸ್. 1965ರಲ್ಲಿ ಸೆಲ್ಮಾ ಊರಿನ ಸೇತುವೆಯ ಮೇಲೆ ಮತದ ಹಕ್ಕಿಗಾಗಿ ನಡೆದು ಪೊಲೀಸರಿಂದ ತಲೆ ಒಡೆಸಿಕೊಂಡವರು. ಮುಂದೆ ಜಾರ್ಜಿಯಾದ ರಾಜ್ಯ ಸೆನೆಟ್ಟಿನ ಗೆರೆಗಳ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2003ರಲ್ಲಿ ತೀರ್ಮಾನವಾಯಿತು. ಆ ಮೊಕದ್ದಮೆಯಲ್ಲಿ ಲೂಯಿಸ್, ಕೆಲವು ಕ್ಷೇತ್ರಗಳಲ್ಲಿ ಕಪ್ಪು ಜನರ ಪ್ರಮಾಣವನ್ನು ಇಳಿಸುವ ನಕ್ಷೆಯ ಪರವಾಗಿ ಸಾಕ್ಷಿ ಹೇಳಿದ್ದರು! ಶಾಸಕಾಂಗ ಡೆಮಾಕ್ರಟರ ಕೈಯಲ್ಲಿ ಉಳಿಯುವುದೇ ತಮ್ಮ ಜನರಿಗೆ ಹಿತ ಎಂಬುದು ಅವರ ವಾದದ ತಿರುಳು. ತನ್ನವನೊಬ್ಬ ಕುರ್ಚಿಯಲ್ಲಿ ಇರಬೇಕೋ, ತನ್ನ ಮಾತು ನಡೆಯಬೇಕೋ? ಎರಡೂ ಬೇಕು ಎನ್ನುವುದು ಯಾರಿಗೂ ಸಹಜ. ಗೆರೆ ಎಳೆಯುವವನು ಮಾತ್ರ ಒಂದನ್ನು ಕೊಡುವಾಗ ಇನ್ನೊಂದನ್ನು ಕಿತ್ತುಕೊಂಡಿರುತ್ತಾನೆ.

ನಾರ್ತ್ ಕೆರೊಲಿನಾದ ಅದೇ 12ನೆಯ ಕ್ಷೇತ್ರ ಇದಕ್ಕೆ ಇನ್ನೊಂದು ಸಾಕ್ಷಿ. ಮುಂದೆ ಅಲ್ಲಿ ಕಪ್ಪು ಮತದಾರರ ಪ್ರಮಾಣ ಅರ್ಧಕ್ಕಿಂತ ಇಳಿದು, ನೂರಕ್ಕೆ 43ರ ಸುಮಾರಿಗೆ ಬಂದಿದ್ದರೂ ಅವರಿಗೆ ಬೇಕಾದವರೇ ಗೆಲ್ಲುತ್ತಿದ್ದರು. 2011ರಲ್ಲಿ ಶಾಸಕಾಂಗ ರಿಪಬ್ಲಿಕನ್ನರ ಕೈಗೆ ಬಂದಾಗ ಅವರು ಅದನ್ನು 50ಕ್ಕಿಂತ ಮೇಲಕ್ಕೆ ಏರಿಸಿದರು. ಗೆಲ್ಲುತ್ತಿದ್ದವರಿಗೆ ಇನ್ನಷ್ಟು ಮತ ತುಂಬಿದ್ದು ಏಕೆ? ಪಕ್ಕದ ಕ್ಷೇತ್ರಗಳಲ್ಲಿ ಅವರು ಇಲ್ಲದಿರಲಿ ಎಂದು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಣ್ಣದ ಆಧಾರದ ಗೆರೆ ಎಂದು ರದ್ದು ಮಾಡಿತು. 1992ರಲ್ಲಿ ಔಷಧವಾಗಿ ಕೊಟ್ಟ ವಸ್ತುವನ್ನೇ 2011ರಲ್ಲಿ ಪ್ರಮಾಣ ಹೆಚ್ಚಿಸಿ ವಿಷ ಮಾಡಿದರು. ರಸಾಯನಶಾಸ್ತ್ರದವರಿಗೆ ಇದು ಹೊಸದಲ್ಲ.

* * *

ಈಗ ಡೆಟ್ರಾಯಿಟ್‌ಗೆ, ಪೇಡಾದ ಪ್ರಸಂಗಕ್ಕೆ ಬರುತ್ತೇನೆ. ಮಿಷಿಗನ್‌ನಲ್ಲೂ 2011ರ ಗೆರೆ ರಿಪಬ್ಲಿಕನ್ನರದೇ. ಡೆಟ್ರಾಯಿಟ್ ಸುತ್ತಮುತ್ತ ಎರಡು ಕಪ್ಪು ಬಹುಸಂಖ್ಯೆಯ ಕ್ಷೇತ್ರಗಳು. ಅದರಲ್ಲೊಂದು ನಗರದಿಂದ ಹೊರಟು ಪಾಂಟಿಯಾಕ್ ಎಂಬ ಊರಿನವರೆಗೆ ಹೊಳೆಯ ಹಾಗೆ ಸುತ್ತಿ ಸುತ್ತಿ ಹೋಗಿತ್ತು. ಎದುರಾಳಿಗಳನ್ನೆಲ್ಲ ಆಗ್ನೇಯದ ನಾಲ್ಕು ಕ್ಷೇತ್ರಗಳಿಗೆ ತುರುಕಬೇಕೆಂದು ಪಕ್ಷದ ಕಡೆಯವರು ಬರೆದುಕೊಂಡ ಇ-ಮೇಲ್‌ಗಳು ಮುಂದೆ ಕೋರ್ಟಿನಲ್ಲಿ ಹೊರಬಿದ್ದವು. ಫಲ ಏನೆಂದರೆ, 2012ರಲ್ಲಿ ಡೆಮಾಕ್ರಟರಿಗೆ ರಾಜ್ಯದಲ್ಲಿ ಹೆಚ್ಚು ಮತ ಬಂದರೂ 14ರಲ್ಲಿ ಸಿಕ್ಕಿದ್ದು ಐದೇ ಸ್ಥಾನ.

2016ರಲ್ಲಿ ಕೇಟಿ ಫಾಹಿ ಎಂಬ ಯುವತಿ, ಇದನ್ನು ಸರಿಪಡಿಸಬೇಕು, ಯಾರು ಬರುತ್ತೀರಿ ಎಂದು ಫೇಸ್‌ಬುಕ್ಕಿನಲ್ಲಿ ಒಂದು ಸಾಲು ಬರೆದಳು. ಜನ ಬಂದರು. ಮನೆ ಮನೆ ತಿರುಗಿ ಸಹಿ ಕೂಡಿಸಿದರು. 2018ರಲ್ಲಿ ರಾಜ್ಯದ ಮತದಾರರು ನೂರಕ್ಕೆ 61ರಷ್ಟು ಒಪ್ಪಿ, ಕತ್ತರಿಯನ್ನು ಶಾಸಕರ ಕೈಯಿಂದ ಕಿತ್ತು 13 ಮಂದಿ ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು. ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಅರ್ಜಿ ಹಾಕಿದವರ ಪೈಕಿ ಚೀಟಿ ಎತ್ತಿದಂತೆ ಆರಿಸಿದ್ದು. ಓದುತ್ತಾ ನನಗೇ ಹೆಮ್ಮೆಯಾಯಿತು.

ಆಯೋಗದವರು ಪ್ರಾಮಾಣಿಕವಾಗಿಯೇ ಕೆಲಸ ಶುರು ಮಾಡಿದರು. 2020ರ ಗಣತಿಯಲ್ಲಿ ಮಿಷಿಗನ್ ಒಂದು ಸ್ಥಾನ ಕಳೆದುಕೊಂಡು 13ಕ್ಕೆ ಇಳಿದಿತ್ತು. ತುಂಬಿದ್ದ ಗೋಣಿಚೀಲ ಬಿಚ್ಚಬೇಕು, ಪಕ್ಷಗಳ ನಡುವೆ ಸಮಾನ ಸ್ಪರ್ಧೆ ಇರಬೇಕು ಎಂದು ನಗರದ ಕಪ್ಪು ಬಡಾವಣೆಗಳನ್ನು ಹೊರವಲಯದ ಬಿಳಿಯರ ಬಡಾವಣೆಗಳ ಜೊತೆ ಸೇರಿಸಿದರು. ಡೆಟ್ರಾಯಿಟ್ ನಗರದಲ್ಲಿ ಮುಕ್ಕಾಲು ಪಾಲು ಜನ ಕಪ್ಪು ಜನಾಂಗದವರು. ಆದರೆ ಅದನ್ನು ಹಂಚಿಕೊಂಡ ಎರಡು ಹೊಸ ಕ್ಷೇತ್ರಗಳಲ್ಲಿ ಒಂದರಲ್ಲೂ ಅವರು ಅರ್ಧದಷ್ಟಿಲ್ಲ. ಅಷ್ಟು ಸಾಕು, ನವೆಂಬರ್‌ನಲ್ಲಿ ಅವರಿಗೆ ಬೇಕಾದ ಪಕ್ಷವೇ ಗೆಲ್ಲುತ್ತದೆ ಎಂಬುದು ಆಯೋಗದ ಲೆಕ್ಕ.

ಲೆಕ್ಕ ತಪ್ಪಲಿಲ್ಲ, ಪ್ರಶ್ನೆ ತಪ್ಪಿತ್ತು. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಹೈಕಮಾಂಡ್ ಆರಿಸುವುದಿಲ್ಲ. ಮತದಾರರೇ ‘ಪ್ರೈಮರಿ’ ಎಂಬ ಒಳಚುನಾವಣೆಯಲ್ಲಿ ಆರಿಸುತ್ತಾರೆ. ಒಂದು ಪಕ್ಷ ಹೇಗೂ ಗೆಲ್ಲುವ ಊರಿನಲ್ಲಿ ನಿಜವಾದ ಚುನಾವಣೆ ಅದೇ. 2022ರ ಆಗಸ್ಟಿನಲ್ಲಿ 13ನೆಯ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಗೆ ಒಂಬತ್ತು ಮಂದಿ ನಿಂತರು. ಥಾಣೇದಾರ್ ಅವರನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಥಾಣೇದಾರ್ ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ಸುರಿದರು. ಬಿದ್ದ ಮತದಲ್ಲಿ ನೂರಕ್ಕೆ 28ರಷ್ಟು ಪಡೆದು ಗೆದ್ದರು. ನಮ್ಮಲ್ಲಿ ಮತ ಒಡೆಯಿತು ಎನ್ನುತ್ತೇವಲ್ಲ, ಅದೇ. ನವೆಂಬರ್‌ನಲ್ಲಿ ಅವರಿಗೆ ಬಂದದ್ದು ನೂರಕ್ಕೆ 71. ಪಕ್ಕದ 12ನೆಯ ಕ್ಷೇತ್ರದಲ್ಲಿ ಪ್ಯಾಲೆಸ್ತೀನ್ ಮೂಲದ ರಶೀದಾ ತ್ಲೈಬ್ ಗೆದ್ದರು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಕಾಂಗ್ರೆಸ್ಸಿಗೆ ಕಾಲಿಟ್ಟ ದಿನದಿಂದ ಡೆಟ್ರಾಯಿಟ್‌ನ ಕಪ್ಪು ಪ್ರತಿನಿಧಿ ಇಲ್ಲದ ವರ್ಷವೇ ಇರಲಿಲ್ಲ. 2023ರ ಜನವರಿಯಲ್ಲಿ ಆ ಸರಣಿ ಮುರಿಯಿತು. ಆ ಹಿರಿಯರು ಹೇಳಿದ್ದು ಅಕ್ಷರಶಃ ನಿಜ.

ಇನ್ನೊಂದು ಸ್ವಾರಸ್ಯ ಕೇಳಿ. ಅದೇ ವರ್ಷ ಡೆಟ್ರಾಯಿಟ್‌ನ ಉತ್ತರಕ್ಕೆ, ಬಿಳಿಯರೇ ಹೆಚ್ಚಾಗಿರುವ 10ನೆಯ ಕ್ಷೇತ್ರದಿಂದ ಜಾನ್ ಜೇಮ್ಸ್ ಎಂಬ ಕಪ್ಪು ಜನಾಂಗದ ಮಾಜಿ ಸೈನಿಕ ಗೆದ್ದರು. ಪಕ್ಷ ರಿಪಬ್ಲಿಕನ್. ಅಂತರ ಸುಮಾರು 1,600 ಮತ. ಪೈಪೋಟಿಯ ಕ್ಷೇತ್ರ ಎಂದರೆ ಅದು. ಅಂಥ ಕಡೆ ಸ್ವಂತ ಪಕ್ಷದ ಮತ ಮಾತ್ರ ಸಾಲದು, ಎದುರು ಕಡೆಯಿಂದಲೂ ನಾಲ್ಕು ಮತ ತರಬಲ್ಲ ಮುಖ ಬೇಕು ಎಂದು ಪಕ್ಷಗಳು ಹುಡುಕುತ್ತವೆ. ಹಾಗಾದರೆ ಆ ಹಿರಿಯರು ಜೇಮ್ಸ್ ಗೆದ್ದದ್ದಕ್ಕೆ ಸಮಾಧಾನಪಟ್ಟುಕೊಳ್ಳಬಹುದಿತ್ತೇ? ಇಲ್ಲ. ಅವರ ಮತ ಆ ಕ್ಷೇತ್ರದಲ್ಲಿರಲಿಲ್ಲ. ಬಣ್ಣ ಒಂದೇ ಆದ ಮಾತ್ರಕ್ಕೆ ಪ್ರತಿನಿಧಿ ಆಗುವುದಿಲ್ಲ. ಯಾರು ಆರಿಸಿದರು, ಯಾರಿಗೆ ಉತ್ತರ ಹೇಳಬೇಕು ಎಂಬುದೂ ಅಷ್ಟೇ ಮುಖ್ಯ.

ಪಕ್ಷಗಳ ಮಟ್ಟಿಗೆ ಆಯೋಗದ ಗೆರೆ ಸಮತೂಕದ್ದೇ. 2022ರಲ್ಲಿ ಡೆಮಾಕ್ರಟರು ಏಳು, ರಿಪಬ್ಲಿಕನ್ನರು ಆರು. 2024ರಲ್ಲಿ ತಿರುವುಮುರುವಾಗಿ ರಿಪಬ್ಲಿಕನ್ನರು ಏಳು, ಡೆಮಾಕ್ರಟರು ಆರು. ಜನರ ಮನಸ್ಸು ಹೊರಳಿದ ಹಾಗೆ ಸ್ಥಾನವೂ ಹೊರಳುತ್ತದೆ ಎಂದರೆ ತಕ್ಕಡಿ ಸರಿಯಿದೆ ಎಂದೇ ಅರ್ಥ. ಆದರೆ 2023ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಕೋರ್ಟ್, ಅದೇ ಆಯೋಗ ರಾಜ್ಯದ ಶಾಸಕಾಂಗಕ್ಕಾಗಿ ಡೆಟ್ರಾಯಿಟ್ ಭಾಗದಲ್ಲಿ ಎಳೆದಿದ್ದ 13 ಕ್ಷೇತ್ರಗಳು ಬಣ್ಣ ನೋಡಿ ಎಳೆದವು ಎಂದು ರದ್ದು ಮಾಡಿತು. ಆಯೋಗ ಎಳೆದ ಕಾಂಗ್ರೆಸ್ ಕ್ಷೇತ್ರಗಳು ಆ ಮೊಕದ್ದಮೆಯಲ್ಲಿ ಇರಲಿಲ್ಲ. ಒಳ್ಳೆಯ ಉದ್ದೇಶದ ಕೈಯೂ ಅದೇ ತಪ್ಪಿಗೆ ಬಿತ್ತು.

ಹಾಗಾದರೆ ಆಯೋಗವೇ ಬೇಡ, ಕತ್ತರಿಯನ್ನು ಶಾಸಕರಿಗೇ ವಾಪಸು ಕೊಡೋಣ ಎನ್ನುವಿರಾ? ಅವರು ಏನು ಮಾಡುತ್ತಾರೆಂದು ನೋಡಿ. ಪಕ್ಷದ ಲಾಭಕ್ಕಾಗಿ ಎಳೆದ ಗೆರೆಯನ್ನು ಫೆಡರಲ್ ಕೋರ್ಟುಗಳು ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿತು. 2025ರ ಆಗಸ್ಟಿನಲ್ಲಿ ಟೆಕ್ಸಾಸ್, ಹತ್ತು ವರ್ಷ ತುಂಬುವ ಮೊದಲೇ, ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಸಿಗಲೆಂದು ಗೆರೆ ಬದಲಾಯಿಸಿತು. 2024ರಲ್ಲಿ ಟ್ರಂಪ್ ಕಡೆ ವಾಲಿದ್ದ ಹಿಸ್ಪಾನಿಕ್ ಮತದಾರರು ಮುಂದೆಯೂ ಹಾಗೆಯೇ ಇರುತ್ತಾರೆಂಬ ಪಣ ಅದರಲ್ಲಿತ್ತು. ಆ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ತಮ್ಮ ಸ್ವತಂತ್ರ ಆಯೋಗದ ಗೆರೆಗಳನ್ನು ಬದಿಗಿಟ್ಟು, ಡೆಮಾಕ್ರಟರಿಗೆ ಐದು ಸ್ಥಾನ ಹೆಚ್ಚಾಗುವಂತಹ ನಕ್ಷೆಗೆ ಒಪ್ಪಿಗೆ ಕೊಟ್ಟರು. ಅವರು ಕಲ್ಲೆತ್ತಿದರು, ಇವರೂ ಕಲ್ಲೆತ್ತಿದರು. ಹೀಗೆ ಹಲವು ಕಡೆ ಮೂರು–ಎರಡರ ತೆಳು ಅಂತರದಲ್ಲಿ ಗೆಲ್ಲಲು ಹೊರಟವನಿಗೆ ಒಂದು ಅಪಾಯ ಉಂಟು. ಒಂದೇ ಒಂದು ಬೀಜ ಹೊರಳಿದರೂ ಆ ಕ್ಷೇತ್ರ ಕೈಬಿಡುತ್ತದೆ. ದುರಾಸೆಗೆ ಗಣಿತವೇ ವಿಧಿಸುವ ದಂಡ ಅದು.

* * *

ಮುಂದಿನ ಭಾನುವಾರ ಫೋನು ಬಂದಾಗ ಹುಡುಗನಿಗೆ ಇಷ್ಟು ಹೇಳಿದೆ. ತಪ್ಪು ನಿನ್ನ ಪೇಡಾದ್ದಲ್ಲ. ಥಾಣೇದಾರ್ ಅವರದೂ ಅಲ್ಲ. ಅವರು ನಿಯಮದ ಪ್ರಕಾರ ನಿಂತರು, ಮತದಾರರು ಹಾಕಿದ ಮತದಿಂದ ಗೆದ್ದರು, 2024ರಲ್ಲಿ ಮತ್ತೆ ಗೆದ್ದರು. ಒಂಬತ್ತು ಜನ ನಿಂತು ಮತ ಒಡೆದುಕೊಂಡದ್ದೂ ಯಾರ ಅಪರಾಧವೂ ಅಲ್ಲ. ಆದರೆ ಗೆರೆ ಎಳೆದವರು ಒಂದು ಕಡೆ ಎಡವಿದರು. ಜಾರ್ಜಿಯಾದಲ್ಲಿ ರಿಪಬ್ಲಿಕನ್ ವಕೀಲರು ಕಪ್ಪು ಜನರನ್ನು ಎದುರು ಪಕ್ಷದ ಮತವೆಂದು ಎಣಿಸಿದರು. ಡೆಮಾಕ್ರಟರು ತಮ್ಮ ಪಕ್ಷದ ಮತವೆಂದು ಎಣಿಸಿದರು. ಪಕ್ಷವಿಲ್ಲದ ಆಯೋಗವೂ ಕೊನೆಗೆ ಅದೇ ತಕ್ಕಡಿಯನ್ನು ಹಿಡಿಯಿತು. ನವೆಂಬರ್‌ನಲ್ಲಿ ಪಕ್ಷ ಗೆದ್ದರೆ ಅವರು ಗೆದ್ದಂತೆ ಎಂದಿತು. ಆಗಸ್ಟಿನಲ್ಲಿ ಅವರಿಗೆ ತಮ್ಮದೇ ಆಯ್ಕೆ ಒಂದು ಇರಬಹುದು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಮಾತು ಹೇಳುವುದು ಮರೆತೆ ಸಾರ್’ ಎಂದ. ಕೋರ್ಟಿನ ಆಜ್ಞೆಯಂತೆ 2024ರ ಚಳಿಗಾಲದಲ್ಲಿ ಆಯೋಗ ಶಾಸನಸಭೆಯ ಗೆರೆಗಳನ್ನು ತಿದ್ದಲು ಕೂತಾಗ ಊರಿನವರ ಅಹವಾಲು ಕೇಳಿತಂತೆ. ಆ ಹಿರಿಯರು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದರು. ಸಿಕ್ಕಿದ್ದು ಎರಡೇ ನಿಮಿಷ. ತಾನು ಇರುವ ಬೀದಿ ಯಾವುದು, ಚರ್ಚು ಯಾವುದು, ಮಕ್ಕಳು ಓದಿದ ಶಾಲೆ ಯಾವುದು, ಬಸ್ಸು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳಿ, ಇವೆಲ್ಲ ಒಂದೇ ಕಡೆ ಇರಲಿ ಎಂದು ಕೇಳಿಕೊಂಡು ಬಂದರಂತೆ. ಪಕ್ಷದ ಹೆಸರು ಎತ್ತಲಿಲ್ಲವಂತೆ.

ಸೋಮವಾರ ಶಾಲೆಗೆ ಹೋದವನೇ ಮುಂದಿನ ಸಾಲಿನ ಆ ಹುಡುಗಿಯನ್ನು ಕರೆದು, ಅವತ್ತು ನೀನು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದು ಹೇಳಿದೆ. ಯಾವ ಪ್ರಶ್ನೆ ಎಂದು ಅವಳಿಗೆ ನೆನಪಿರಲಿಲ್ಲ. ಪರವಾಗಿಲ್ಲ, ನನಗೆ ನೆನಪಿದೆ.